ತೇಲುಬುರುಡೆಯ ಭಾಷೆ

ಕೆಲವು ವರ್ಷಗಳ ಹಿಂದೆ, ರಜೆಯ ದಿನವೊಂದರಲ್ಲಿ, ಪಣಂಬೂರಿನ ಕಡಲ ದಂಡೆಯಲ್ಲಿ ನಿಂತಿದ್ದೆ. ಹಡಗುಗಳು ಬಂದರಿಗೆ ಬರುವ ದಾರಿಯಲ್ಲಿ ಕೆಂಪು, ಹಸಿರು ಬಣ್ಣದ ದೊಡ್ಡ ಬುರುಡೆಗಳು ಅಲೆಯೊಡನೆ ಏಳುತ್ತ ಬೀಳುತ್ತ ಇದ್ದವು. ಅವೇನೆಂದು ಬಲೆ ಸರಿಪಡಿಸುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ. ನನ್ನ ಕಸುಬನ್ನು ಮಾತಿನಲ್ಲಿಯೇ ಊಹಿಸಿದ್ದ ಅವರು, “ಒಳಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ ಮಾಷ್ಟ್ರೇ. ನಡುವೆ ಬಂದರೆ ಬದುಕಿದಿರಿ” ಎಂದರು. ಇಪ್ಪತ್ತು ವರ್ಷ ವ್ಯಾಕರಣ ಹೇಳಿಕೊಟ್ಟ ನನಗೆ ಅಷ್ಟು ಚಿಕ್ಕ ಸೂತ್ರವನ್ನು ಕೇಳಿ ಬೆರಗಾಯಿತು.

ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವ ಹುಡುಗರ ಬೆನ್ನಿಗೆ ಸೋರೆಬುರುಡೆ ಕಟ್ಟುವುದುಂಟು. ಅದು ಕಟ್ಟಿಕೊಂಡವನನ್ನು ತೇಲಿಸುತ್ತದೆ. ಕಡಲಿನ ಈ ತೇಲುಬುರುಡೆಯಾದರೋ ತಾನು ತೇಲಿ ಇತರರಿಗೆ ದಾರಿ ತೋರುತ್ತದೆ. ಸರಪಳಿಯ ಒಂದು ತುದಿ ಇದಕ್ಕೆ, ಇನ್ನೊಂದು ತುದಿ ಕಡಲ ತಳದಲ್ಲಿ ಇಳಿಬಿಟ್ಟ ಭಾರಕ್ಕೆ. ನೀರಿನಡಿಯ ಬಂಡೆ, ಮರಳದಿಬ್ಬ, ಮುಳುಗಿದ ಹಡಗು, ಇಂಥ ಕಾಣದ ವಸ್ತುಗಳ ಮೇಲೆ ಕಾಣುವ ಗುರುತಾಗಿ ನಿಲ್ಲುವುದೇ ಇದರ ಕೆಲಸ.

ಈ ಉಪಾಯ ಹಳೆಯದು. ಸ್ಪೇನಿನ ಗ್ವಾಡಲ್ಕ್ವಿವಿರ್ ನದಿಯಲ್ಲಿದ್ದ ತೇಲುಗುರುತಿನ ಮಾತು 13ನೆಯ ಶತಮಾನದ ಇಟಲಿಯ ನಾವಿಕರ ಕೈಪಿಡಿಯಲ್ಲಿಯೇ ಬಂದಿದೆ. ಇರುಳಿನಲ್ಲಿಯೂ ಇವು ತಾವಾಗಿ ಬೆಳಗುವಂತೆ ಮಾಡಿದವರಲ್ಲಿ ಪ್ರಮುಖನು ಸ್ವೀಡನ್ನಿನ ಗುಸ್ತಾಫ್ ಡಾಲೆನ್. ದೀಪಸ್ತಂಭ ಮತ್ತು ತೇಲುಬುರುಡೆಗಳ ಅನಿಲದೀಪವನ್ನು ನಿಯಂತ್ರಿಸುವ ಸಾಧನಗಳಿಗಾಗಿ ಆತನಿಗೆ 1912ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಅನಿಲದ ಸ್ಫೋಟದಲ್ಲಿ ಆತನ ಎರಡು ಕಣ್ಣುಗಳೂ ಹೋದವು. ಕಡಲಿಗೆ ಬೆಳಕು ಕೊಟ್ಟವನ ಪಾಲಿಗೆ ಕತ್ತಲೆ ಉಳಿಯಿತು.

ಗುರುತೇನೋ ಆಯಿತು; ಅದರ ಅರ್ಥವನ್ನು ನಿಶ್ಚಯಿಸುವವರು ಯಾರು? ಅಮೆರಿಕದ ಸಂಯುಕ್ತ ಸಂಸ್ಥಾನಗಳು 1850ರ ಕಾನೂನಿನಲ್ಲಿ, ಒಳಬರುವಾಗ ಕೆಂಪು ಬಲಕ್ಕಿರಬೇಕೆಂದು ವಿಧಿಸಿದವು. ಇತರ ಕೆಲವು ನಾಡುಗಳಲ್ಲಿ ಅದೇ ಕೆಂಪು ಎಡದ ಗುರುತು. 1936ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದ ಸಿದ್ಧವಾಯಿತು. ಅದು ಜಾರಿಗೆ ಬರುವ ಮೊದಲೇ ಮಹಾಯುದ್ಧ ಬಂದಿತು. ಯುದ್ಧ ಮುಗಿದ ಮೇಲೆ ‘ಊರಿಗೊಂದು ದಾರಿ’ ಎಂಬಂತಾಗಿ, ಜಗತ್ತಿನಲ್ಲಿ ಮೂವತ್ತಕ್ಕೂ ಮಿಕ್ಕಿ ಪದ್ಧತಿಗಳು ಬಳಕೆಯಲ್ಲಿದ್ದವು.

ಇದರ ಅಪಾಯ 1971ರಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತು. ಜನವರಿ 11ರಂದು ಡೋವರ್ ಜಲಸಂಧಿಯಲ್ಲಿ ‘ಟೆಕ್ಸಾಕೊ ಕೆರಿಬಿಯನ್’ ಎಂಬ ತೈಲದ ಹಡಗು ಇನ್ನೊಂದು ಹಡಗಿನ ಡಿಕ್ಕಿಯಿಂದ ಸಿಡಿದು ಮುಳುಗಿತು. ಮರುದಿನವೇ ಜರ್ಮನಿಯ ‘ಬ್ರಾಂಡೆನ್‌ಬರ್ಗ್’ ಅದರ ಅವಶೇಷಕ್ಕೆ ತಾಗಿ ಮುಳುಗಿತು. ಆಮೇಲೆ ದೀಪದ ಹಡಗನ್ನೂ ತೇಲುಬುರುಡೆಗಳನ್ನೂ ಇಟ್ಟು ಆ ಸ್ಥಳವನ್ನು ಗುರುತಿಸಿದರು. ಆದರೂ ಫೆಬ್ರುವರಿ 27ರಂದು ಗ್ರೀಸಿನ ‘ನಿಕಿ’ ಆ ಅವಶೇಷಗಳಿಗೇ ಬಡಿದು, ತನ್ನಲ್ಲಿದ್ದವರೆಲ್ಲರೊಡನೆ ಮುಳುಗಿತು. ಮೂರು ಹಡಗುಗಳಲ್ಲಿ ಸತ್ತವರು ಸುಮಾರು 50 ಮಂದಿ. ಗುರುತು ಇದ್ದ ಮಾತ್ರಕ್ಕೆ ಸಾಲದು, ಅದನ್ನು ಎಲ್ಲರೂ ಒಂದೇ ಬಗೆಯಾಗಿ, ನೋಡಿದೊಡನೆ ಓದುವಂತಿರಬೇಕು ಎಂಬ ಒತ್ತಾಯ ಆಗ ಬಲವಾಯಿತು.

ಕೊನೆಗೆ 1980ರ ನವೆಂಬರಿನಲ್ಲಿ ಟೋಕಿಯೋದಲ್ಲಿ 50 ದೇಶಗಳ ಪ್ರತಿನಿಧಿಗಳು ಕೂಡಿ ಒಪ್ಪಿಗೆಗೆ ಬಂದರು. ಅಪಾಯದ ಯಾವ ದಿಕ್ಕಿನಲ್ಲಿ ಹಾಯಬೇಕೆಂದು ತಿಳಿಸಲು ಕಪ್ಪು-ಹಳದಿ. ಸುತ್ತಲೂ ನಿರಾತಂಕವಾದ ನೀರಿದ್ದರೆ ಕೆಂಪು-ಬಿಳಿಯ ನೆಟ್ಟನೆಯ ಪಟ್ಟೆ. ಇವು ಎಲ್ಲ ಕಡೆಯೂ ಒಂದೇ. ಎಡಬಲದ ವಿಷಯದಲ್ಲಿ ಮಾತ್ರ ಹಟ ಪೂರ್ತಿ ಕರಗಲಿಲ್ಲ. ಭಾರತ, ಯೂರೋಪು ಮೊದಲಾದ ಕಡೆಗಳಲ್ಲಿ ಒಳಬರುವಾಗ ಕೆಂಪು ಎಡಕ್ಕೆ. ಅಮೆರಿಕ ಖಂಡಗಳಲ್ಲಿಯೂ ಜಪಾನಿನಲ್ಲಿಯೂ ಬಲಕ್ಕೆ. ಮೂವತ್ತು ಹೋಗಿ ಎರಡು ಉಳಿದುದು ಅಲ್ಪಲಾಭವೇನಲ್ಲ. ಎರಡರ ಎಲ್ಲೆ ಎಲ್ಲಿದೆಯೆಂಬುದು ಎಲ್ಲ ನಾವಿಕರಿಗೂ ತಿಳಿದಿರುತ್ತದೆ.

ಶಬ್ದಕ್ಕೂ ಅರ್ಥಕ್ಕೂ ಇರುವ ನಂಟು ಸಂಕೇತದಿಂದ ಬಂದುದು ಎಂದು ನಮ್ಮ ನೈಯಾಯಿಕರು ಹೇಳಿದರು. ಈ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ; ವಿದ್ಯಾರ್ಥಿಗಳು ಬರೆದುಕೊಂಡಿದ್ದಾರೆ, ನಾನು ಮುಂದಿನ ಪಾಠಕ್ಕೆ ಹೋಗಿದ್ದೇನೆ. ಕೆಂಪಿನಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಇರುವುದು ನಾವು ಕೂಡಿ ಮಾಡಿಕೊಂಡ ಒಪ್ಪಂದವೊಂದೇ. ತರಗತಿಯಲ್ಲಿ ಅರ್ಥ ತಪ್ಪಿದರೆ ಒಂದೆರಡು ಅಂಕ ಹೋಗುತ್ತವೆ. ಕಡಲಿನಲ್ಲಿ ತಪ್ಪಿದರೆ ಏನು ಹೋಗುತ್ತದೆಂಬುದನ್ನು ಆ ಬಲೆಯ ಮುದುಕರು ಎರಡೇ ಮಾತಿನಲ್ಲಿ ಹೇಳಿದ್ದರು.