ಮುಸ್ತಫಾ ಆಟದ ಅಸಲು ಯಾವುದು?

ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಎಂಬ ಆಟ ಹೊರತಂದಿತು. ಈ ಹೆಸರು ಹೇಳಿದರೆ ನಮ್ಮ ಕಡೆ ಬಹಳ ಜನಕ್ಕೆ ಗುರುತು ಸಿಗುವುದಿಲ್ಲ. ‘ಮುಸ್ತಫಾ ಗೇಮ್’ ಎಂದರೆ ಸಾಕು, ನಲವತ್ತರ ಆಸುಪಾಸಿನವರ ಕಣ್ಣು ಅರಳುತ್ತದೆ. ಆಟದ ನಾಲ್ವರು ನಾಯಕರಲ್ಲಿ ಒಬ್ಬನಾದ ಮುಸ್ತಫಾ ಕೈರೊನ ಹೆಸರನ್ನೇ ನಮ್ಮ ದೇಶದ ಹುಡುಗರು ಇಡೀ ಆಟಕ್ಕೆ ಇಟ್ಟುಬಿಟ್ಟರು. ಮಮದಾಪುರದಂಥ ಊರುಗಳಿಂದ ಆಗಿನ ಬಿಜಾಪುರಕ್ಕೆ ಬಂದು ಪಾರ್ಲರಿನಲ್ಲಿ ನಾಣ್ಯ ಹಾಕಿ ಆಡಿದವರಿಗಿಂತ, ಮುಂದೆ ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ, ಈಗ ಮೊಬೈಲಿನಲ್ಲಿ ಎಮ್ಯುಲೇಟರ್ ಮೂಲಕ ಆಡಿದವರೇ ಹೆಚ್ಚು. ಹೀಗೆ ಬಂದ ಆಟ ಮೂಲ ಯಂತ್ರದ ಆಟಕ್ಕೆ ಎಷ್ಟು ನಿಷ್ಠವಾಗಿದೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹಲವು ದೇಶಗಳ ಹವ್ಯಾಸಿಗಳು ಸುಮಾರು ಮೂರು ದಶಕ ದುಡಿದಿದ್ದಾರೆ.

ಎಮ್ಯುಲೇಟರ್ ಆಟವನ್ನು ಹೊಸದಾಗಿ ಬರೆಯುವುದಿಲ್ಲ. ಹಳೆಯ ಆಟದ ಯಂತ್ರದೊಳಗಿನ ಬೋರ್ಡಿನ ಪ್ರೊಸೆಸರ್, ಧ್ವನಿಯ ಚಿಪ್, ಚಿತ್ರ ಮೂಡಿಸುವ ಸರ್ಕ್ಯೂಟ್ ಹೇಗೆ ನಡೆಯುತ್ತಿದ್ದವೋ ಹಾಗೆಯೇ ನಡೆಯುವ ಸಾಫ್ಟ್‌ವೇರ್ ಅದು. ಅದರೊಳಗೆ ಮೂಲ ಆಟದ ಪ್ರೋಗ್ರಾಂ ಓಡುತ್ತದೆ. ಇಟಲಿಯ ನಿಕೊಲಾ ಸಾಲ್ಮೋರಿಯಾ 1996ರ ಡಿಸೆಂಬರಿನಲ್ಲಿ ಪ್ಯಾಕ್‌ಮ್ಯಾನ್ ಬಗೆಯ ಕೆಲವು ಆಟಗಳಿಗಾಗಿ ಇಂಥ ಸಾಫ್ಟ್‌ವೇರ್ ಬರೆಯತೊಡಗಿ, 1997ರ ಫೆಬ್ರುವರಿ 5ರಂದು ‘ಮೇಮ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಇಂದು ಅದು ಸಾವಿರಾರು ಆರ್ಕೇಡ್ ಯಂತ್ರಗಳ ದಾಖಲೆ. 2015ರಲ್ಲಿ ಹಳೆಯ ಕಂಪ್ಯೂಟರುಗಳ ಎಮ್ಯುಲೇಟರ್ ‘ಮೆಸ್’ ಕೂಡ ಅದರಲ್ಲಿ ಸೇರಿಹೋಯಿತು. 2016ರಲ್ಲಿ ಮೇಮ್ ಪೂರ್ತಿ ಮುಕ್ತ ತಂತ್ರಾಂಶವಾಯಿತು.

ಮೇಮ್ ಶುರುವಾದ ದಿನಗಳಲ್ಲೇ ಬಂದ ‘ಕ್ಯಾಲಸ್’ ಎಂಬ ಎಮ್ಯುಲೇಟರ್ ಕ್ಯಾಪ್‌ಕಾಮ್ ಆಟಗಳನ್ನು ಸಾಧಾರಣ ಪೆಂಟಿಯಂ ಕಂಪ್ಯೂಟರಿನಲ್ಲೂ ಸಲೀಸಾಗಿ ಓಡಿಸುತ್ತಿತ್ತು. ಅಂದಿನ ಆಟಗಾರರಿಗೆ ಬೇಕಾಗಿದ್ದದ್ದು ವೇಗ. ಮೇಮ್ ತಂಡ ಬೇರೆ ದಾರಿ ಹಿಡಿಯಿತು. ಯಂತ್ರದ ಒಳಗನ್ನು ಸರಿಯಾಗಿ ದಾಖಲಿಸುವುದೇ ಮುಖ್ಯ, ಆಟ ಆಡಲು ಬರುವುದು ಅದರಿಂದ ಸಿಗುವ ಲಾಭ ಎಂಬುದು ಅವರ ನಿಲುವು. ‘ಹೊಸ ಆವೃತ್ತಿ ಬಂದಂತೆಲ್ಲ ನಿಧಾನವಾಗುತ್ತಿದೆ’ ಎಂದು ಜನ ಬೈದರೂ ಅವರು ಅದನ್ನು ಬಿಡಲಿಲ್ಲ. ಆ ಹಟ ಸರಿಯಾಗಿತ್ತು ಎಂದು ನಾನು ನಂಬುತ್ತೇನೆ. ಕಂಪ್ಯೂಟರಿನ ವೇಗ ತಾನಾಗಿ ಹೆಚ್ಚುತ್ತ ಹೋಯಿತು. ಬೋರ್ಡಿನೊಳಗಿನ ಜ್ಞಾನ ಒಮ್ಮೆ ಅಳಿದರೆ ಮತ್ತೆ ಬರುತ್ತಿರಲಿಲ್ಲ.

ಮೊದಲ ದೊಡ್ಡ ತೊಡಕು ಧ್ವನಿಯದು. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಗುಂಡಿನ ಸದ್ದು, ಸ್ಫೋಟದ ಸದ್ದು ಯಾವ ಪ್ರೋಗ್ರಾಂನಲ್ಲೂ ಬರೆದಿಟ್ಟದ್ದಲ್ಲ. ರೆಸಿಸ್ಟರ್, ಕೆಪಾಸಿಟರ್‌ಗಳ ಸರ್ಕ್ಯೂಟಿನಲ್ಲಿ ಆ ಕ್ಷಣಕ್ಕೆ ಹುಟ್ಟುವಂಥದ್ದು. ಹಾಗಾಗಿ ಮೊದಮೊದಲು ನಿಜವಾದ ಯಂತ್ರದ ಸದ್ದನ್ನು ರೆಕಾರ್ಡ್ ಮಾಡಿ ಹಾಕಿದರು. ಮುಂದೆ ಇಂಥ ಸರ್ಕ್ಯೂಟುಗಳ ಒಂದೊಂದು ಭಾಗವನ್ನೂ ಗಣಿತದಲ್ಲಿ ಲೆಕ್ಕ ಹಾಕುವ ವಿಧಾನ ಬಂತು. 1972ರ ‘ಪಾಂಗ್’ನಲ್ಲಂತೂ ಪ್ರೊಸೆಸರೂ ಇಲ್ಲ, ಪ್ರೋಗ್ರಾಮೂ ಇಲ್ಲ. ಅದರ ಎಮ್ಯುಲೇಷನ್ ಎಂದರೆ ಇಡೀ ಸರ್ಕ್ಯೂಟ್ ನಕ್ಷೆಯನ್ನೇ ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು.

ಎರಡನೆಯ ತೊಡಕು ಕಂಪನಿಗಳೇ ಹಾಕಿದ ಬೀಗ. ಮುಸ್ತಫಾ ಆಟದ ಬೋರ್ಡನ್ನೇ ನೋಡಿ. ಅದರ ಧ್ವನಿ ಪ್ರೊಸೆಸರ್ ‘ಕಬುಕಿ’ ಎಂಬ ವಿಶೇಷ ಝಡ್80. ಅದಕ್ಕೆ ಬರೆದ ಪ್ರೋಗ್ರಾಂ ಗೂಢಲಿಪಿಯಲ್ಲಿದೆ. ಬಿಡಿಸುವ ಕೀಲಿ ಬೋರ್ಡಿನ ಮೇಲಿನ ಒಂದು ಸಣ್ಣ ಸೆಲ್ಲಿನ ಬಲದಿಂದ ಉಳಿದಿರುತ್ತದೆ. ಸೆಲ್ ಸತ್ತರೆ ಕೀಲಿ ಅಳಿಸಿಹೋಗಿ ಬೋರ್ಡ್ ಮೊದಲಿನಂತೆ ನಡೆಯುವುದಿಲ್ಲ. 1993ರಲ್ಲೇ ಬಂದ ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡುಗಳಲ್ಲಿ ಈ ಏರ್ಪಾಡು ಇನ್ನೂ ಕಠಿಣ; ಸೆಲ್ ಸತ್ತರೆ ಆಟವೇ ಸತ್ತಂತೆ. ಅದರ ಗೂಢಲಿಪಿಯ ಲೆಕ್ಕವನ್ನು ಆಂಡ್ರಿಯಾಸ್ ನೈವ್ ಮತ್ತು ಸಾಲ್ಮೋರಿಯಾ 2007ರಲ್ಲಿ ಪೂರ್ತಿ ಬಿಡಿಸಿದರು.

ಮುಸ್ತಫಾದ ಧ್ವನಿಗೆ ಇನ್ನೂ ಒಂದು ಗುಟ್ಟಿತ್ತು. ಎಡಬಲದ ಸ್ಪೀಕರುಗಳಿಂದ ಸದ್ದು ಸುತ್ತುವರಿದಂತೆ ಕೇಳಿಸುವ ‘ಕ್ಯೂಸೌಂಡ್’ ಚಿಪ್ಪಿನ ಒಳಗಿನ ಪ್ರೋಗ್ರಾಂ ಹೊರಗಿನಿಂದ ಓದಲು ಸಿಗುತ್ತಿರಲಿಲ್ಲ. ಸುಮಾರು ಎರಡು ದಶಕ ಎಮ್ಯುಲೇಟರುಗಳು ಅದನ್ನು ಊಹೆಯ ಮೇಲೆ ನಡೆಸಿದವು. ಹಾಡು ಬರುತ್ತಿತ್ತು, ಹೊಡೆತದ ಸದ್ದೂ ಬರುತ್ತಿತ್ತು. ಪ್ರತಿಧ್ವನಿ ಮತ್ತು ಹರಹು ಸರಿಯಿರಲಿಲ್ಲ. 2018ರಲ್ಲಿ ಆ ಚಿಪ್ಪಿನ ಒಳಗಿನ ಪ್ರೋಗ್ರಾಂ ಓದಲು ಸಿಕ್ಕ ಮೇಲೆ ಊಹೆಯ ಜಾಗಕ್ಕೆ ನಿಜ ಬಂತು. ಇಂಥ ಕೆಲಸದಲ್ಲಿ ಆಸಿಡ್ ಹಾಕಿ ಚಿಪ್ಪಿನ ಮೇಲ್ಪದರ ಕರಗಿಸುತ್ತಾರೆ, ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆಯುತ್ತಾರೆ. ಆ ಫೋಟೊಗಳಲ್ಲಿ ಕಾಣುವ ಒಂದು–ಸೊನ್ನೆಗಳನ್ನು ಸ್ವಯಂಸೇವಕರು ಕಣ್ಣಿನಿಂದಲೇ ಓದಿ ಬರೆದುಕೊಂಡದ್ದೂ ಉಂಟು. ಪ್ರಾಚೀನ ಶಾಸನ ಓದುವವರ ತಾಳ್ಮೆಯೇ ಇಲ್ಲಿಯೂ ಬೇಕು.

ಇಷ್ಟು ಸೂಕ್ಷ್ಮಕ್ಕೆ ಬೆಲೆಯಿದೆಯೇ ಎಂದು ಕೇಳುವವರಿಗೆ ‘ಡಾಂಕಿ ಕಾಂಗ್’ ಪ್ರಕರಣ ಉತ್ತರ. 1981ರ ಈ ಆಟದಲ್ಲಿ ಅಮೆರಿಕದ ಬಿಲ್ಲಿ ಮಿಚೆಲ್ ಮಾಡಿದ ಹತ್ತು ಲಕ್ಷಕ್ಕೂ ಮೀರಿದ ಅಂಕಗಳನ್ನು ದಾಖಲೆ ಸಂಸ್ಥೆ ಟ್ವಿನ್ ಗ್ಯಾಲಕ್ಸೀಸ್ 2018ರಲ್ಲಿ ತೆಗೆದುಹಾಕಿತು. ವಿಡಿಯೊದಲ್ಲಿ ಒಂದು ಹಂತ ಮುಗಿದು ಇನ್ನೊಂದು ತೆರೆಯುವಾಗ ಉಕ್ಕಿನ ತೊಲೆಗಳು ಮೂಡುವ ಕ್ರಮ ಮೂಲ ಬೋರ್ಡಿನದಲ್ಲ, ಅಂದಿನ ಮೇಮ್‌ನ ಕ್ರಮವನ್ನು ಹೋಲುತ್ತದೆ ಎಂಬುದು ಮುಖ್ಯ ವಾದ. ಮಿಚೆಲ್ ಅದನ್ನು ಒಪ್ಪಲಿಲ್ಲ, ಕೋರ್ಟಿಗೆ ಹೋದರು. 2024ರಲ್ಲಿ ರಾಜಿಯಾಗಿ ಅಂಕಗಳು ಸಂಸ್ಥೆಯ ಹಳೆಯ ದಾಖಲೆಗಳ ಪಟ್ಟಿಗೆ ಮರಳಿದವು. ಸತ್ಯ ಯಾರ ಕಡೆಯೇ ಇರಲಿ, ವರ್ಷಗಟ್ಟಲೆ ನಡೆದ ಆ ಜಗಳಕ್ಕೆ ಕಾರಣವಾದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ವ್ಯತ್ಯಾಸ.

2017ರಿಂದೀಚೆಗೆ ‘ಮಿಸ್ಟರ್’ ಯೋಜನೆ ಇನ್ನೊಂದು ದಾರಿ ತೆರೆದಿದೆ. ಅದರಲ್ಲಿ ಎಫ್‌ಪಿಜಿಎ ಎಂಬ, ಬೇಕಾದಂತೆ ಜೋಡಿಸಬಹುದಾದ ಚಿಪ್ಪಿನಲ್ಲಿ ಹಳೆಯ ಸರ್ಕ್ಯೂಟನ್ನೇ ಮರುಕಟ್ಟುತ್ತಾರೆ. ಸ್ಪೇನಿನ ಹೋಸೆ ತೆಹಾದಾ ಕ್ಯಾಪ್‌ಕಾಮ್ ಬೋರ್ಡುಗಳನ್ನು ಹೀಗೆ ಕಟ್ಟಿದ್ದಾರೆ. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಏಟು ಬಿದ್ದದ್ದಕ್ಕೂ ನಡುವಿನ ವಿಳಂಬ ಇದರಲ್ಲಿ ಬಹಳ ಕಡಿಮೆ. ಆದರೆ ‘ಎಫ್‌ಪಿಜಿಎ ಅಂದರೆ ಅಸಲೇ’ ಎಂಬ ಪ್ರಚಾರ ಒಪ್ಪತಕ್ಕದ್ದಲ್ಲ. ಮೂಲ ಚಿಪ್ಪಿನ ಬಗ್ಗೆ ಎಷ್ಟು ತಿಳಿದಿದೆಯೋ ಅಷ್ಟೇ ನಿಖರತೆ ಅದರಲ್ಲೂ ಸಿಗುವುದು. ಆ ತಿಳಿವಳಿಕೆಯ ದೊಡ್ಡ ಪಾಲು ಮೇಮ್ ದಾಖಲೆಗಳಿಂದಲೇ ಬಂದಿದೆ.

ಪರದೆಯ ವಿಷಯದಲ್ಲಂತೂ ನಾವು ಇನ್ನೂ ಹಿಂದೆ. ಮುಸ್ತಫಾದ ಚಿತ್ರ 384×224 ಚುಕ್ಕೆಗಳದು. 4:3 ಆಕಾರದ ದಪ್ಪ ಗಾಜಿನ ಟ್ಯೂಬಿನ ಮೇಲೆ ಸೆಕೆಂಡಿಗೆ ಸುಮಾರು 59.6 ಸಲ ಮೂಡುತ್ತಿತ್ತು. ಅದನ್ನು ಮೊಬೈಲಿನ ಉದ್ದನೆಯ ಪರದೆಗೆ ಎಳೆದು ಹಾಸಿದರೆ ಡೈನೊಸಾರ್ ಕೂಡ ಚಪ್ಪಟೆಯಾಗುತ್ತದೆ. ಎಮ್ಯುಲೇಟರಿನ ಸೆಟ್ಟಿಂಗಿನಲ್ಲಿ ಆಕಾರ 4:3 ಎಂದು ಬದಲಿಸಿಕೊಂಡರೆ ಅರ್ಧ ನ್ಯಾಯ ಸಿಕ್ಕಂತೆ.

ಇನ್ನು ‘ಅಸಲು’ ಎಂಬುದರ ಮಾತು. ಅಸಲಿ ಬೋರ್ಡಿನ ಜೊತೆಗೆ ನಕಲಿ ಬೋರ್ಡುಗಳೂ ಪಾರ್ಲರುಗಳಲ್ಲಿ ಓಡುತ್ತಿದ್ದ ಕಾಲ ಅದು. ಮುಸ್ತಫಾಗೂ ನಕಲಿಗಳಿದ್ದವು. ಅಂಥ ಒಂದರಲ್ಲಿ ಕ್ಯೂಸೌಂಡ್ ತೆಗೆದು ಅಗ್ಗದ ಧ್ವನಿ ಚಿಪ್ ಕೂರಿಸಿದ್ದರು. ನಿಮ್ಮ ನೆನಪಿನಲ್ಲಿರುವ ಸದ್ದು ಅಂಥ ಬೋರ್ಡಿನದಾಗಿದ್ದರೆ, ಅಸಲಿಗೆ ನಿಷ್ಠವಾದ ಎಮ್ಯುಲೇಷನ್ ನಿಮಗೆ ಪರಕೀಯವಾಗಿ ಕೇಳಿಸೀತು. ಮೇಮ್‌ನ ದೊಡ್ಡಗುಣ ಇಲ್ಲಿದೆ: ಅದು ನಕಲಿಗಳನ್ನೂ ಬೇರೆ ಯಂತ್ರಗಳೆಂದು ದಾಖಲಿಸುತ್ತದೆ. 1986ರ ‘ಬಬಲ್ ಬಾಬಲ್’ಗೆ ಬಹುಕಾಲ ನಕಲಿ ಬೋರ್ಡಿನ ಚಿಪ್ಪೇ ಆಧಾರವಾಗಿತ್ತು; ಅಸಲಿ ಚಿಪ್ ಓದಿದ ಮೇಲೆ ಅದನ್ನು ಬದಿಗಿಟ್ಟು ತಿದ್ದಿದರು.

ಮುಸ್ತಫಾ ಆಟ ಮಾರ್ಕ್ ಶುಲ್ಟ್ಸ್‌ರ ಕಾಮಿಕ್ಸ್ ಆಧರಿಸಿದ್ದು. ಮೂರು ದಶಕ ಕಳೆದರೂ ಅದು ಮನೆಯ ಗೇಮ್ ಯಂತ್ರಗಳಿಗೆ ಅಧಿಕೃತವಾಗಿ ಬರಲಿಲ್ಲ. ಆಟದ ಹಕ್ಕು ಕಂಪನಿಯದೇ, ಮೇಮ್ ಆಟಗಳನ್ನು ಹಂಚುವುದಿಲ್ಲ. ಆದರೂ ಆ ಯಂತ್ರ ಹೇಗಿತ್ತು ಎಂಬ ತಿಳಿವಳಿಕೆ ಉಳಿದಿರುವುದು ಹವ್ಯಾಸಿಗಳ ದುಡಿಮೆಯಿಂದ. ನಮ್ಮ ಕಡೆ ಓಡಿದ ಬೋರ್ಡುಗಳ ಕಥೆಯನ್ನು ನಾವೇ ಬರೆದಿಡಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಒಂದು ಕಾಲಕ್ಕೆ ಪಾರ್ಲರ್ ನಡೆಸಿದವರಲ್ಲಿ ನನ್ನ ವಿನಂತಿ: ಅಟ್ಟದ ಮೇಲೆ ಬೋರ್ಡ್ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ಸೆಲ್ ನೀವೇ ಕೀಳಬೇಡಿ. ಎರಡೂ ಬದಿಯ ಫೋಟೊ ತೆಗೆದಿಡಿ, ಎಲ್ಲಿಂದ ತಂದಿರಿ, ಯಾವ ವರ್ಷ ಓಡಿಸಿದಿರಿ ಎಂದು ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗೇ ಇಡಿ.