ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತ ಷರತ್ತುಗಳು

1930ರ ಜೂನ್ 11ರಂದು ಮೈಸೂರು ಸಂಸ್ಥಾನದ ಸರ್ಕಾರ ತನ್ನ ನಾಲ್ಕು ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿದ್ದರು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಸರ್ಕಾರವೊಂದು ತಾನಾಗಿ ಇಂಥ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಗಾಂಧೀಜಿ ಕೃತಕ ಗರ್ಭನಿರೋಧಕಗಳನ್ನು ಒಪ್ಪದೆ ಸಂಯಮವನ್ನೇ ಬೋಧಿಸುತ್ತಿದ್ದ ದಿನಗಳಲ್ಲಿ ಇದು ಸಣ್ಣ ಧೈರ್ಯವಲ್ಲ. ಆದರೂ ಚಿಕಿತ್ಸಾಲಯಗಳಿದ್ದದ್ದು ದೊಡ್ಡಾಸ್ಪತ್ರೆಗಳಲ್ಲಿ. ಪಾವಗಡದ, ಮಳವಳ್ಳಿಯ ಹಳ್ಳಿಯ ಹೆಂಗಸಿಗೆ ಅವು ಇದ್ದೂ ಇಲ್ಲದಂತೆ. ಅಂದಿನಿಂದ ಇಂದಿನವರೆಗೆ ನಮ್ಮ ನೀತಿಗಳ ದಾರಿ ಹಿಡಿದು ನಡೆದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಪ್ರತಿ ತಲೆಮಾರೂ ಹೆಣ್ಣಿಗೆ ಹೊಸದೊಂದು ಬಾಗಿಲು ತೆರೆದಿದೆ, ಹೊಸ್ತಿಲಲ್ಲಿ ತನ್ನದೊಂದು ಷರತ್ತನ್ನೂ ಇಟ್ಟಿದೆ.

ಸ್ವಾತಂತ್ರ್ಯದ ನಂತರ, 1952ರಲ್ಲಿ, ಭಾರತ ರಾಷ್ಟ್ರೀಯ ಕುಟುಂಬ ಯೋಜನೆ ಕಾರ್ಯಕ್ರಮ ಆರಂಭಿಸಿತು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿಯವರ ಶಿಷ್ಯೆ. ಮುಟ್ಟಿನ ದಿನಗಳನ್ನು ಎಣಿಸಿ ಗರ್ಭ ತಪ್ಪಿಸುವ ವಿಧಾನವೊಂದೇ ಅವರಿಗೆ ಒಪ್ಪಿಗೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅದರ ಪ್ರಯೋಗ ನಡೆದ ಊರುಗಳಲ್ಲಿ ನಮ್ಮ ರಾಮನಗರವೂ ಒಂದು. ದಿನಗಳ ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಫಲಿತಾಂಶ ನಿರಾಶಾದಾಯಕವಾಗಿತ್ತು. ಅದು ಆ ಹೆಂಗಸರ ಸೋಲಲ್ಲ. ಗಂಡನಿಗೆ ಇವತ್ತು ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದವಳ ಕೈಗೆ ಮಣಿಸರ ಕೊಟ್ಟು ಏನು ಪ್ರಯೋಜನ? ಅವರಿಗೆ ಯಾವ ವಿಧಾನ ಒಗ್ಗುತ್ತದೆಂದು ಯಾರೂ ಕೇಳಿರಲಿಲ್ಲ. ವಿಧಾನ ದೆಹಲಿಯಲ್ಲಿ ಮೊದಲೇ ತೀರ್ಮಾನವಾಗಿತ್ತು.

ಅರವತ್ತರ ದಶಕದಲ್ಲಿ ಜನಸಂಖ್ಯೆಯ ಭಯ ನೀತಿಯನ್ನೇ ಆವರಿಸಿಕೊಂಡಿತು. ಗರ್ಭಕೋಶದೊಳಗೆ ಇಡುವ ವಂಕಿ ಬಂತು, ಅದರ ಹಿಂದೆಯೇ ಟಾರ್ಗೆಟ್ ಬಂತು. ಊರಿನವರು ನರ್ಸಮ್ಮ ಎಂದು ಕರೆಯುವ ಕಿರಿಯ ಆರೋಗ್ಯ ಸಹಾಯಕಿಯ ಕೆಲಸವನ್ನು ಅಳೆಯುವುದು ತಂದ 'ಕೇಸು'ಗಳ ಲೆಕ್ಕದಲ್ಲಿ ಎಂದಾಯಿತು. ತುರ್ತು ಪರಿಸ್ಥಿತಿಯಲ್ಲಿ ಈ ಲೆಕ್ಕ ಹುಚ್ಚು ಹಿಡಿದಂತೆ ಏರಿತು. 1976-77ರ ಒಂದೇ ವರ್ಷ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ 62 ಲಕ್ಷ ಗಂಡಸರವು.

ಮುಂದೆ ನಡೆದದ್ದನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂಬುದು ನನ್ನ ಭಾವನೆ. 1977ರ ಚುನಾವಣೆಯಲ್ಲಿ ಸಿಟ್ಟಿಗೆದ್ದ ಮತದಾರರು ಸರ್ಕಾರವನ್ನೇ ಇಳಿಸಿದರು. ಕಾರ್ಯಕ್ರಮಕ್ಕೆ 'ಕುಟುಂಬ ಕಲ್ಯಾಣ' ಎಂಬ ಹೆಸರು ಬಂತು. ಗಂಡಸರ ಆಪರೇಷನ್ ರಾಜಕಾರಣಿಗಳು ಮುಟ್ಟಲು ಹೆದರುವ ವಿಷಯವಾಯಿತು. ಆ ಹೊರೆ ಬಹುಪಾಲು ಹೆಂಗಸರ ಮೇಲೆ ಬಿತ್ತು. ಶಾಲೆಯ ಕೋಣೆಗಳಲ್ಲಿ, ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ ಶಿಬಿರಗಳು ನಡೆದವು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಹೆಚ್ಚುಕಡಿಮೆ ಸೊನ್ನೆ. ಗಂಡಸರದ್ದು ಹೆಚ್ಚು ಸರಳ, ಹೆಚ್ಚು ಸುರಕ್ಷಿತ ಶಸ್ತ್ರಚಿಕಿತ್ಸೆ ಎಂದು ಎಲ್ಲ ವೈದ್ಯರಿಗೂ ಗೊತ್ತು. 2014ರಲ್ಲಿ ಛತ್ತೀಸಗಡದ ಬಿಲಾಸಪುರದಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿದ ಒಂದೇ ಶಿಬಿರದ ನಂತರ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಎರಡು ವರ್ಷಗಳ ಬಳಿಕ, ಶಿಬಿರ ಪದ್ಧತಿಯನ್ನು ಮೂರು ವರ್ಷದೊಳಗೆ ಕೈಬಿಡಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು.

ಗರ್ಭಪಾತದ ಕಾನೂನಿನ ದಾರಿ ಬೇರೆ. ಶಾಂತಿಲಾಲ್ ಶಾ ಸಮಿತಿಯ ಶಿಫಾರಸಿನ ಮೇಲೆ 1971ರಲ್ಲಿ ಬಂದ ವೈದ್ಯಕೀಯ ಗರ್ಭಪಾತ ಕಾಯ್ದೆ ಆ ಕಾಲಕ್ಕೆ ಉದಾರವೇ. ಗರ್ಭನಿರೋಧಕ ವಿಫಲವಾದ ಕಾರಣಕ್ಕೆ ಗರ್ಭ ತೆಗೆಸಲು ಅವಕಾಶವಿತ್ತು, ಆದರೆ ಅದು ಮದುವೆಯಾದವಳಿಗೆ ಮಾತ್ರ. ಅರ್ಧ ಶತಮಾನದ ನಂತರ, 2021ರ ತಿದ್ದುಪಡಿಯಲ್ಲಿ 'ಗಂಡ' ಹೋಗಿ 'ಸಂಗಾತಿ' ಬಂತು. ಕೆಲವು ವರ್ಗದ ಮಹಿಳೆಯರಿಗೆ ಮಿತಿ 20 ವಾರದಿಂದ 24ಕ್ಕೆ ಏರಿತು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವಿವಾಹಿತೆಯರಿಗೂ ಆ 24 ವಾರಗಳ ಹಕ್ಕಿದೆ ಎಂದಿತು. ಕೊಡಗಿನವರಾದ ಎ. ಎಸ್. ಬೋಪಣ್ಣ ಆ ಪೀಠದಲ್ಲಿದ್ದರು. ಇಷ್ಟಾದರೂ ಕೊನೆಯ ಮಾತು ಇಂದಿಗೂ ವೈದ್ಯರದ್ದೇ. ಹೆಣ್ಣಿನ ಬೇಡಿಕೆಯೊಂದೇ ಕಾನೂನಿನ ಕಣ್ಣಲ್ಲಿ ಸಾಕಾಗುವುದಿಲ್ಲ. ತರಬೇತಾದ ವೈದ್ಯರು ತಾಲ್ಲೂಕಿನಲ್ಲಿ ಇಲ್ಲದಿದ್ದರೆ ಕಾಯ್ದೆಯ ಪುಸ್ತಕದಿಂದ ಅವಳಿಗೆ ಸಿಗುವುದು ಏನೂ ಇಲ್ಲ.

1994ರ ಕೈರೋ ಸಮ್ಮೇಳನ ಜನಸಂಖ್ಯೆಯ ಜಾಗದಲ್ಲಿ ಹೆಣ್ಣಿನ ಆರೋಗ್ಯ ಮತ್ತು ಹಕ್ಕನ್ನು ಮುಂದೆ ತಂದಿತು. 1996ರಲ್ಲಿ ಭಾರತ ಟಾರ್ಗೆಟ್ ಪದ್ಧತಿಯನ್ನು ಕಾಗದದ ಮೇಲಾದರೂ ಕೈಬಿಟ್ಟಿತು. ನಿಜವಾದ ಜಿಗಿತ ಕಂಡದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ. ಆಶಾ ಕಾರ್ಯಕರ್ತೆಯರು ಬಂದರು, ಹೆರಿಗೆಗೆ ನೆರವಿನ ಹಣ ಕೊಡುವ ಜನನಿ ಸುರಕ್ಷಾ ಬಂತು. ಕರ್ನಾಟಕ ತನ್ನದೇ ತಾಯಿ ಭಾಗ್ಯ, ಪ್ರಸೂತಿ ಆರೈಕೆ, ಮಡಿಲು ಯೋಜನೆಗಳನ್ನು ಸೇರಿಸಿತು. ಸೊಳ್ಳೆಪರದೆ, ಹೊದಿಕೆ, ಸೋಪು, ಮಗುವಿನ ಬಟ್ಟೆ ತುಂಬಿದ ಮಡಿಲು ಕಿಟ್ಟು ಬಾಣಂತನಕ್ಕೆ ತವರಿನ ಆಸರೆ ಇಲ್ಲದವರ ಕೈಗೂ ಸೇರಿತು. 2008ರಲ್ಲಿ 108 ಆಂಬುಲೆನ್ಸ್ ಓಡಾಡತೊಡಗಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತವೆಂದು ಸಾರಿತು.

ಇದರ ಫಲವನ್ನು ಮನಸ್ಸು ತುಂಬಿ ಒಪ್ಪಿಕೊಳ್ಳಬೇಕು. 2005-06ರಲ್ಲಿ ರಾಜ್ಯದ ಶೇಕಡ 65ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದವು, 2019-20ರ ಹೊತ್ತಿಗೆ ಅದು 97ಕ್ಕೆ ಮುಟ್ಟಿತು. 2001-03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ಇದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. ಉಳಿದ ಪ್ರತಿಯೊಂದು ಜೀವದ ಹಿಂದೆ ಒಬ್ಬ ಆಶಾ ಕಾರ್ಯಕರ್ತೆಯ ನಡುರಾತ್ರಿಯ ಓಡಾಟವಿದೆ. ಇದೇ ಅವಧಿಯಲ್ಲಿ ಸೂಲಗಿತ್ತಿಯರ ಕಾಲ ಮುಗಿಯಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವರ ವಿದ್ಯೆಗೆ ಸರ್ಕಾರಿ ವ್ಯವಸ್ಥೆಯಲ್ಲಿ ಜಾಗವೇ ಉಳಿದಿರಲಿಲ್ಲ. ಹೆರುವವಳ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತು ಬೆನ್ನು ನೀವುವ ಆ ತಾಳ್ಮೆಯನ್ನು ವಾರ್ಡುಗಳಿಗೆ ಕರೆತರುವ ಪ್ರಯತ್ನ ಆಗಬೇಕಿತ್ತು.

ಷರತ್ತುಗಳು ಮಾತ್ರ ರೂಪ ಬದಲಿಸಿಕೊಂಡು ಉಳಿದವು. ಜನನಿ ಸುರಕ್ಷಾದ ಹಣ ಕರ್ನಾಟಕದಂಥ ರಾಜ್ಯಗಳಲ್ಲಿ ವರ್ಷಗಟ್ಟಲೆ ಹತ್ತೊಂಬತ್ತು ತುಂಬಿದವರಿಗೆ, ಮೊದಲೆರಡು ಹೆರಿಗೆಗೆ ಸೀಮಿತವಾಗಿತ್ತು. ಬಾಲ್ಯವಿವಾಹಕ್ಕೆ ಸಿಕ್ಕಿ ಹದಿನೇಳಕ್ಕೆ ಬಸುರಾದವಳು, ಮೂರನೆಯದನ್ನು ಹೆರುವವಳು ಇಬ್ಬರೂ ಹೆಚ್ಚು ಅಪಾಯದಲ್ಲಿರುವವರು. ನೆರವು ತಪ್ಪಿದ್ದು ಅವರಿಗೇ. 2017ರ ಮಾತೃವಂದನಾ ಯೋಜನೆಯೂ ಮೊದಲ ಮಗುವಿಗೆ ಮಾತ್ರ ಎಂದು ಶುರುವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಬಂದ ಮಾತೃಪೂರ್ಣ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಒಳ್ಳೆಯ ಯೋಜನೆ. ಆದರೆ ಅದು ಅಂಗನವಾಡಿಗೇ ಬಂದು ಉಣ್ಣಬೇಕೆಂಬ ಷರತ್ತಿನೊಂದಿಗೆ ಶುರುವಾಯಿತು. ಹಸಿ ಬಾಣಂತಿ ಹೊಸ್ತಿಲು ದಾಟದ ನಾಡಿನಲ್ಲಿ, ಅಂಗನವಾಡಿ ದೂರವಿರುವ ಮಲೆನಾಡಿನ ಒಂಟಿ ಮನೆಗಳಲ್ಲಿ ಆ ಊಟ ತಲುಪಬೇಕಾದವರಿಗೆ ತಲುಪುವುದು ಹೇಗೆ?

ಷರತ್ತು ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು 2022ರ ನವೆಂಬರ್ ತೋರಿಸಿತು. ತುಮಕೂರು ಜಿಲ್ಲಾಸ್ಪತ್ರೆಗೆ ನೋವು ತಿನ್ನುತ್ತಾ ಬಂದ ಬಡ ಗರ್ಭಿಣಿಯೊಬ್ಬರನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ವಾಪಸು ಕಳಿಸಿದ ಆರೋಪ ಬಂತು. ಅವರು ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು, ಮಕ್ಕಳೊಂದಿಗೆ ತೀರಿಕೊಂಡರು. ಸಿಬ್ಬಂದಿ ಅಮಾನತಾದರು. ತುರ್ತು ಚಿಕಿತ್ಸೆಗೆ ದಾಖಲೆ ಕೇಳಬಾರದೆಂಬ ಸೂಚನೆಯೂ ಹೊರಟಿತು. ತಪಾಸಣೆ, ಲಸಿಕೆ ತಪ್ಪಿಹೋಗದಿರಲೆಂದು ಹುಟ್ಟಿದ ಕಾರ್ಡು ಪ್ರವೇಶಪತ್ರವಾಗಿ ಬದಲಾದದ್ದು ಒಬ್ಬಿಬ್ಬರು ಸಿಬ್ಬಂದಿಯ ಕಲ್ಲೆದೆಯಿಂದಷ್ಟೇ ಅಲ್ಲ. ಪ್ರತಿ ಸವಲತ್ತನ್ನೂ ಕಾಗದಕ್ಕೆ ಕಟ್ಟಿಹಾಕಿದ ಆಡಳಿತ ಕ್ರಮವೇ ಅವರಿಗೆ ಹಾಗೆ ಕಲಿಸಿತ್ತು.

ಒಳಗೆ ಹೋದವರಿಗೆ ಸಿಗುವ ಚಿಕಿತ್ಸೆ ಎಂಥದ್ದು ಎಂಬುದು ಈಗಿನ ಪ್ರಶ್ನೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಬಿದ್ದದ್ದು ಡ್ರಿಪ್ ಹಾಕುವ ದ್ರಾವಣದ ಮೇಲೆ. ಅವರು ನೀತಿ ಹೇಳಿದಂತೆಯೇ ಆಸ್ಪತ್ರೆಗೆ ಬಂದವರು. ಕಲಬುರಗಿಯ ತಾಂಡಾಗಳಲ್ಲಿ ಹೊಟ್ಟೆನೋವೆಂದು ಹೋದ ಹೆಂಗಸರು ಗರ್ಭಕೋಶ ಕಳೆದುಕೊಂಡು ಬಂದ ಪ್ರಕರಣಗಳು ಮತ್ತೊಂದು ಬಗೆಯವು. ಹೆರಿಗೆ ಮುಗಿದ ಹೆಣ್ಣಿನ ಬಿಳಿಮುಟ್ಟು, ಅತಿಸ್ರಾವ, ಸೋಂಕು ನೋಡುವ ಸರ್ಕಾರಿ ವೈದ್ಯರು ಹತ್ತಿರ ಇಲ್ಲದಾಗ ಆ ಖಾಲಿ ಜಾಗಕ್ಕೆ ಬರುವುದು ಹಣಕ್ಕಾಗಿ ಕತ್ತರಿ ಹಿಡಿಯುವವರು.

ತಾಯಂದಿರ ಮರಣದ 69 ಎಂಬ ಆ ಅಂಕಿಯನ್ನು ಮತ್ತೊಂದು ಕಡೆಯಿಂದಲೂ ನೋಡಬೇಕು. ಅದೇ ಅವಧಿಯಲ್ಲಿ ಕೇರಳದ್ದು 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದ್ದು 54. ದಕ್ಷಿಣದಲ್ಲಿ ನಾವೇ ಕೊನೆಯವರು. ಅಂತರ ತುಂಬಲು ಹೊಸ ಹೆಸರಿನ ಯೋಜನೆ ಬೇಕಿಲ್ಲ. ಕಲ್ಯಾಣ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ತಜ್ಞರು, ಅರಿವಳಿಕೆ ವೈದ್ಯರು ಒಟ್ಟಿಗೆ ಇರಬೇಕು, ಹೊತ್ತಿಗೆ ರಕ್ತ ಸಿಗಬೇಕು, ಪ್ರತಿ ತಾಯಿಯ ಸಾವಿನ ತನಿಖಾ ವರದಿ ಜನರ ಕೈಗೆ ಸಿಗಬೇಕು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಧರಣಿ ಕೂತ ಆಶಾ ಕಾರ್ಯಕರ್ತೆಯರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಅದು ಭರವಸೆಯಾಗಿ ಉಳಿಯದೆ ತಿಂಗಳು ತಿಂಗಳೂ ಅವರ ಖಾತೆಗೆ ಬೀಳಬೇಕು.