ಮೂರ್ತಿಯವರ ಕ್ಯಾಮೆರಾ ಕಣ್ಣು

ಸಿನಿಮಾ ನೋಡಿ ಬಂದವರು ನಟನ ಹೆಸರು ಹೇಳ್ತಾರ, ಹಾಡಿದವರ ಹೆಸರು ಹೇಳ್ತಾರ. ಚಿತ್ರ ಹಿಡಿದವರು ಯಾರಂತ ಕೇಳೋರು ಕಡಿಮಿ. ಅಂಥ ಒಬ್ಬ ಕನ್ನಡಿಗರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಪಿಟೀಲು ನುಡಿಸಲಿಕ್ಕೂ ಬರ್ತಿತ್ತು. ಬೆಂಗಳೂರಿನಲ್ಲಿ ಕ್ಯಾಮೆರಾ ವಿದ್ಯೆ ಕಲಿತು ಮುಂಬೈ ಸೇರಿದರು. 1951ರ ‘ಬಾಜಿ’ಯಲ್ಲಿ ಸಹಾಯಕರಾಗಿದ್ದಾಗ ಅವರ ಕೆಲಸ ಮೆಚ್ಚಿದ ಗುರುದತ್ತರು, ಮುಂದಿನ ‘ಜಾಲ್’ ಚಿತ್ರದ ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟರು.

ಕ್ಯಾಮೆರಾದ ಕಣ್ಣೆಂದರೆ ಲೆನ್ಸು. ಅದಕ್ಕೆ ಮಿಲಿಮೀಟರಿನ ಲೆಕ್ಕ ಇರ್ತದ. 25ರ ಲೆನ್ಸಿನಲ್ಲಿ ಇಡೀ ಅಂಗಳ ಹಿಡಿಸ್ತದ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಭಾಳ ಸಣ್ಣದಾಗಿ ಕಾಣ್ತದ. 100ರ ಲೆನ್ಸು ದೂರ ನಿಂತೇ ಒಬ್ಬರ ಮಾರಿಯನ್ನು ತುಂಬಿಕೊಳ್ತದ, ಹಿಂದಿನದು ಮಸುಕಾಗ್ತದ. ನಾವು ಗೀಗೀ ಪದ ಹಾಡುವಾಗ ಒಬ್ಬ ಇಡೀ ಮೇಳ ನೋಡ್ತಾನ, ಇನ್ನೊಬ್ಬ ಹಾಡುವವನ ಮಾರಿಯಷ್ಟೇ ನೋಡ್ತಾನ. ಸಿನಿಮಾದಾಗ ಆ ಆಯ್ಕೆ ನಮ್ಮ ಕೈಯಾಗಿಲ್ಲ. ಲೆನ್ಸು ಆರಿಸಿದವರು ಮೊದಲೇ ಮಾಡಿರ್ತಾರ.

1953ರಲ್ಲಿ ಅಮೆರಿಕದ ‘ದಿ ರೋಬ್’ ಚಿತ್ರದೊಂದಿಗೆ ಸಿನಿಮಾಸ್ಕೋಪ್ ಬಂತು. ಅದರ ಲೆನ್ಸು ಅಗಲ ನೋಟವನ್ನು ಎಡಬಲದಿಂದ ಒತ್ತಿ ಫಿಲ್ಮಿನಲ್ಲಿ ಕೂಡಿಸ್ತದ. ಟಾಕೀಸಿನ ಯಂತ್ರದ ಲೆನ್ಸು ಅದನ್ನು ಮತ್ತೆ ಬಿಚ್ಚಿ ಹರಡ್ತದ. ಪರದೆ ಎತ್ತರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಅಗಲ.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ ‘ಕಾಗಜ್ ಕೆ ಫೂಲ್’. ಅದರ ಕ್ಯಾಮೆರಾ ಮೂರ್ತಿಯವರದು. ಇಷ್ಟು ಅಗಲ ಪರದೆ ಸಿಕ್ಕರೆ ಬೇರೆಯವರು ದಂಡು, ಜಾತ್ರೆ ತುಂಬಿಸ್ತಿದ್ದರು. ಇವರು ಖಾಲಿ ಬಿಟ್ಟರು. ಗೀತಾ ದತ್ತರ ಹಾಡೊಂದರಲ್ಲಿ ಬರಿದಾದ ಸ್ಟುಡಿಯೋ. ಅಲ್ಲಿ ಅವ ಒಂದು ಕಡೆ, ಆಕಿ ಒಂದು ಕಡೆ. ಮೇಲಿನಿಂದ ಕೋಲಿನಂತೆ ಇಳಿದ ಬೆಳಕು. ದೊಡ್ಡ ಕನ್ನಡಿ ಇಟ್ಟು ಸೂರ್ಯನ ಬಿಸಿಲನ್ನೇ ಒಳಗೆ ತಂದಿದ್ದರು. ನಡುವಿನ ಆ ಜಾಗವೇ ಅವರಿಬ್ಬರ ದುಃಖ ಹೇಳ್ತದ. ಚೌಕಟ್ಟು ಕಿರಿದಾಗಿದ್ದರೆ ಆ ದೂರ ಕಾಣ್ತಿರಲಿಲ್ಲ.

ಚಿತ್ರ ಸೋತಿತು. ಗುರುದತ್ತರು ಮತ್ತೆ ತಮ್ಮ ಹೆಸರಿನಲ್ಲಿ ನಿರ್ದೇಶನ ಮಾಡಲಿಲ್ಲ. ಮೂರ್ತಿಯವರ ಕೆಲಸಕ್ಕೆ ಮಾತ್ರ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮುಂದೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿಯೂ ಬಂತು. ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಕ್ಯಾಮೆರಾ ಹಿಡಿದರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಪದದಾಗ ದನಿ ಎಲ್ಲಿ ನಿಲ್ಲಿಸಬೇಕು ಅನ್ನೋದು ಹಾಡಿನಷ್ಟೇ ಮುಖ್ಯ. ಮೂರ್ತಿಯವರು ಬಿಟ್ಟ ಖಾಲಿ ಜಾಗವೂ ಹಾಂಗ. ಇನ್ನು ಮ್ಯಾಲೆ ಸಿನಿಮಾ ನೋಡುವಾಗ ಮಾರಿಯ ಆಚೀಚೆಗೂ ಒಂದಿಷ್ಟು ನೋಡ್ರಿ.